ಹಳೆಯ ಮನೆಯ ಹಬೆ ಬಾಯ್ಲರ್ ಕೆಟ್ಟಿದೆಯೇ? ಬದಲಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಅಮೆರಿಕದ ಈಶಾನ್ಯ ಭಾಗದ ರಾಜ್ಯಗಳಾದ ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್‌ಗಳಲ್ಲಿ ನೂರು ವರ್ಷ ದಾಟಿದ ಮನೆಗಳು ಇಂದಿಗೂ ಬಹಳಷ್ಟಿವೆ. ಇಂಥ ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಒಂದು ಬಾಯ್ಲರ್, ಕೋಣೆ ಕೋಣೆಯ ಕಿಟಕಿಯ ಕೆಳಗೆ ಭಾರವಾದ ಬೀಡು ಕಬ್ಬಿಣದ ರೇಡಿಯೇಟರ್ ಇರುತ್ತವೆ. ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವುದು ಬಾಯ್ಲರಿನಿಂದ ಹೊರಡುವ ಹಬೆ. ಕೆಲಸಕ್ಕೆಂದು ಹೋಗಿ ಅಲ್ಲೇ ನೆಲೆಸಿ ಇಂಥ ಮನೆ ಕೊಂಡ ಕನ್ನಡಿಗರೂ ಇದ್ದಾರೆ. ಫ್ಯಾನು ಹಾಕಿಕೊಂಡು ಬೆಳೆದ ನಮ್ಮವರಿಗೆ ಮನೆ ಬಿಸಿ ಮಾಡುವ ಯಂತ್ರವೇ ಹೊಸದು. ಅದು ಕಡು ಚಳಿಯಲ್ಲಿ ಕೆಟ್ಟರೆ, ಬಂದ ಮೊದಲ ಪ್ಲಂಬರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಸಹಜ.

ಹಬೆ ಬಾಯ್ಲರ್ ಬದಲಿಸುವುದು ಫ್ರಿಜ್ ಬದಲಿಸಿದಂತಲ್ಲ. ತಪ್ಪಾಗಿ ಕೂರಿಸಿದ ಹೊಸ ಬಾಯ್ಲರ್ ಹಳೆಯದಕ್ಕಿಂತ ಹೆಚ್ಚು ಸದ್ದು ಮಾಡಬಹುದು, ಹೆಚ್ಚು ಇಂಧನ ಸುಡಬಹುದು, ಕೆಲವೇ ವರ್ಷಗಳಲ್ಲಿ ಮತ್ತೆ ಕೆಡಬಹುದು. ಈ ಲೇಖನದಲ್ಲಿ ಅದರ ವಿಜ್ಞಾನವನ್ನೂ, ಅದರ ಸುತ್ತ ಇರುವ ಕೆಲವು ತಪ್ಪು ನಂಬಿಕೆಗಳನ್ನೂ ನೋಡೋಣ.

ಹಬೆ ಮನೆಯನ್ನು ಹೇಗೆ ಬೆಚ್ಚಗಾಗಿಸುತ್ತದೆ?

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಕೈಗೆ ಹಬೆ ತಾಗಿ ಸುಟ್ಟುಕೊಂಡವರಿಗೆ ಒಂದು ಸಂಗತಿ ಗೊತ್ತು. ಅಷ್ಟೇ ತೂಕದ ಕುದಿಯುವ ನೀರಿಗಿಂತ ಹಬೆ ಹೆಚ್ಚು ಸುಡುತ್ತದೆ. ಇದಕ್ಕೆ ಕಾರಣ ಗುಪ್ತೋಷ್ಣ. ಒಂದು ಕಿಲೋಗ್ರಾಂ ನೀರನ್ನು 10 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 377 ಕಿಲೋಜೂಲ್ ಶಾಖ ಸಾಕು. ಅದೇ ನೀರನ್ನು 100 ಡಿಗ್ರಿಯಲ್ಲೇ ಹಬೆಯಾಗಿಸಲು ಇನ್ನೂ 2,257 ಕಿಲೋಜೂಲ್ ಬೇಕು. ಹಬೆಯು ಮತ್ತೆ ನೀರಾಗುವಾಗ ಈ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ.

ರೇಡಿಯೇಟರಿನೊಳಗೆ ನಡೆಯುವುದೂ ಇದೇ. ಬಾಯ್ಲರಿನಲ್ಲಿ ನೀರು ಅರ್ಧದಿಂದ ಮುಕ್ಕಾಲು ಭಾಗ ಮಾತ್ರ ಇರುತ್ತದೆ. ಅದು ಕುದಿದು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಪಂಪಿನ ನೆರವಿಲ್ಲದೆ ಕೊಳವೆಗಳಲ್ಲಿ ಮೇಲೇರಿ, ದಾರಿಯಲ್ಲಿರುವ ಗಾಳಿಯನ್ನು ಸಣ್ಣ ಗಾಳಿ ಕವಾಟಗಳ ಮೂಲಕ ಹೊರಗೆ ತಳ್ಳಿ ರೇಡಿಯೇಟರ್ ತುಂಬುತ್ತದೆ. ತಣ್ಣನೆಯ ಕಬ್ಬಿಣ ತಾಗಿದ ಕೂಡಲೇ ಶಾಖ ಬಿಟ್ಟು ನೀರಾಗುತ್ತದೆ. ಆ ನೀರು ಇಳಿಜಾರಿನಲ್ಲಿ ಹರಿದು ಬಾಯ್ಲರಿಗೆ ಮರಳುತ್ತದೆ. ಕೆಲವು ಮನೆಗಳಲ್ಲಿ ಹಬೆ ಹೋಗುವುದಕ್ಕೂ ನೀರು ಮರಳುವುದಕ್ಕೂ ಒಂದೇ ಕೊಳವೆ. ಇನ್ನು ಕೆಲವು ಮನೆಗಳಲ್ಲಿ ಎರಡು.

ಎಲ್ಲ ಸರಿಯಾಗಿದ್ದರೆ ಅದೇ ನೀರು ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಬಾಯ್ಲರಿನ ಆರೋಗ್ಯದ ಗುಟ್ಟು ಇಲ್ಲಿದೆ.

ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ಬಾಯ್ಲರಿನ ಪಕ್ಕದಲ್ಲಿ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇರುತ್ತದೆ. ಪದೇ ಪದೇ ನೀರು ತುಂಬಿಸಬೇಕಾಗಿ ಬಂದರೆ ನೀರು ಎಲ್ಲೋ ಸೋರುತ್ತಿದೆ ಎಂದರ್ಥ. ಸೋರಿಕೆ ನೆಲದ ಮೇಲೆ ಕಾಣಿಸಲೇಬೇಕೆಂದಿಲ್ಲ. ನೀರಿನ ಮಟ್ಟಕ್ಕಿಂತ ಮೇಲೆ, ಕಬ್ಬಿಣದಲ್ಲಿ ತೂತಾಗಿದ್ದರೆ ಹಬೆ ನೇರವಾಗಿ ಚಿಮ್ನಿಗೆ ಹೋಗುತ್ತದೆ. ಹೊರಗೆ ನಿಂತು ನೋಡಿದರೆ ಚಿಮ್ನಿಯಿಂದ ದಟ್ಟವಾದ ಬಿಳಿ ಆವಿ ಏಳುತ್ತಿರುತ್ತದೆ. ಚಳಿಯಲ್ಲಿ ಸ್ವಲ್ಪ ಬಿಳಿ ಆವಿ ಎಲ್ಲ ಚಿಮ್ನಿಗಳಲ್ಲೂ ಕಾಣುತ್ತದೆ. ಅದು ಎಂದಿಗಿಂತ ಬಹಳ ಹೆಚ್ಚಾಗಿದ್ದು, ಜೊತೆಗೆ ನೀರೂ ಕಡಿಮೆಯಾಗುತ್ತಿದ್ದರೆ ಅನುಮಾನ ಪಡಬೇಕು.

ಖಚಿತಪಡಿಸಿಕೊಳ್ಳಲು ಸರಳ ಪರೀಕ್ಷೆಯೊಂದಿದೆ. ಬಾಯ್ಲರ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ, ಸಾಮಾನ್ಯ ಮಟ್ಟ ದಾಟಿ ಅದರ ಮೇಲ್ತುದಿಯವರೆಗೂ ನೀರು ತುಂಬಿಸಿ ಸ್ವಲ್ಪ ಹೊತ್ತು ಬಿಡುತ್ತಾರೆ. ತೂತಿದ್ದರೆ ಕೆಳಗೆ, ಉರಿ ಹೊತ್ತುವ ಜಾಗದಲ್ಲಿ ನೀರು ತೊಟ್ಟಿಕ್ಕುತ್ತದೆ. ಪರೀಕ್ಷೆ ಮುಗಿದ ಬಳಿಕ ನೀರನ್ನು ಮತ್ತೆ ಸರಿಯಾದ ಮಟ್ಟಕ್ಕೆ ಇಳಿಸಬೇಕು. ಇದನ್ನು ಬಲ್ಲವರಿಂದ ಮಾಡಿಸುವುದು ಒಳ್ಳೆಯದು. ಬಾಯ್ಲರಿನ ಕಬ್ಬಿಣವೇ ತೂತಾಗಿದ್ದರೆ ಬದಲಿಸುವುದೇ ದಾರಿ. ಅಂಟು ಹಾಕಿ ಮುಚ್ಚುವ ಮದ್ದುಗಳು ಹೆಚ್ಚೆಂದರೆ ಆ ಚಳಿಗಾಲ ಕಳೆಯಲು ನೆರವಾದಾವು. ಆದರೆ ತೂತಿಲ್ಲದಿದ್ದರೆ ಅವಸರ ಬೇಡ. ನೆಲದಡಿಯ ಮರಳುಕೊಳವೆ, ರೇಡಿಯೇಟರಿನ ಕವಾಟ, ಗಾಳಿ ಕವಾಟಗಳಲ್ಲೂ ನೀರು ಹೋಗುತ್ತಿರಬಹುದು. ಅವನ್ನು ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದು.

ಕಾರಣ ತಿಳಿಯದೆ ಬಾಯ್ಲರ್ ಮಾತ್ರ ಬದಲಿಸಿದರೆ ಏನಾಗುತ್ತದೆ? ಹೊಸ ನೀರಿನಲ್ಲಿ ಕರಗಿದ ಆಮ್ಲಜನಕ ಇರುತ್ತದೆ. ಕಾಯಿಸಿದಾಗ ಅದು ಹೊರಬಂದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಸುತ್ತಿ ಸುತ್ತಿ ಹಳೆಯದಾದ ನೀರಿನಲ್ಲಿ ಆಮ್ಲಜನಕ ಬಹುಪಾಲು ಖಾಲಿಯಾಗಿರುವುದರಿಂದ ತುಕ್ಕು ನಿಧಾನ. ನೆಲದಡಿಯ ಕೊಳವೆ ಸೋರುತ್ತಲೇ ಇದ್ದು ದಿನವೂ ಹೊಸ ನೀರು ಒಳಬರುತ್ತಿದ್ದರೆ, ಹಳೆಯ ಬಾಯ್ಲರಿಗೆ ಆದ ಗತಿಯೇ ಹೊಸದಕ್ಕೂ ಆಗುತ್ತದೆ.

ತಪ್ಪು ನಂಬಿಕೆ 1: ಹಳೆಯದು ಎಷ್ಟು ದೊಡ್ಡದೋ ಹೊಸದೂ ಅಷ್ಟೇ ಇರಬೇಕು

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿ. ಹಳೆಯ ಬಾಯ್ಲರಿನ ಫಲಕ ನೋಡಿ ಅದೇ ಅಳತೆಯದನ್ನು, ಅಥವಾ "ಇರಲಿ, ಸ್ವಲ್ಪ ದೊಡ್ಡದೇ ಹಾಕೋಣ" ಎಂದು ಇನ್ನೂ ದೊಡ್ಡದನ್ನು ತರುವವರಿದ್ದಾರೆ. ಮನೆಯ ವಿಸ್ತೀರ್ಣ ನೋಡಿ ಅಂದಾಜು ಮಾಡುವವರೂ ಇದ್ದಾರೆ. ಹಬೆಯ ವಿಷಯದಲ್ಲಿ ಎರಡೂ ಸರಿಯಲ್ಲ.

ಹಬೆಯನ್ನು ನೀರಾಗಿಸುವುದು ರೇಡಿಯೇಟರ್‌ಗಳು. ಅವೆಲ್ಲ ಸೇರಿ ಗಂಟೆಗೆ ಎಷ್ಟು ಹಬೆಯನ್ನು ನೀರಾಗಿಸಬಲ್ಲವೋ ಅಷ್ಟು ಹಬೆಯನ್ನು ಬಾಯ್ಲರ್ ಒದಗಿಸಬೇಕು. ಕಡಿಮೆಯಾದರೆ ದೂರದ ಕೋಣೆಗೆ ಹಬೆ ತಲುಪುವುದಿಲ್ಲ. ಹೆಚ್ಚಾದರೆ ಹೋಗಲು ಜಾಗವಿಲ್ಲದೆ ಒತ್ತಡ ಏರಿ, ಬಾಯ್ಲರ್ ಕ್ಷಣಕ್ಕೊಮ್ಮೆ ಆರಿ ಹೊತ್ತಿಕೊಳ್ಳುತ್ತದೆ. ಇಂಧನ ದಂಡ, ಯಂತ್ರಕ್ಕೂ ಸವೆತ.

ಆದ್ದರಿಂದ ಪ್ರತಿ ಕೋಣೆಗೂ ಹೋಗಿ ರೇಡಿಯೇಟರ್ ಅಳೆಯಬೇಕು. ಎತ್ತರ, ಒಂದು ವಿಭಾಗದಲ್ಲಿ ಎಷ್ಟು ಕಂಬಗಳು, ಒಟ್ಟು ಎಷ್ಟು ವಿಭಾಗಗಳು ಎಂದು ಬರೆದುಕೊಂಡು ಕೋಷ್ಟಕ ನೋಡಿದರೆ ಅದರ ಸಾಮರ್ಥ್ಯ 'ಚದರ ಅಡಿ'ಯಲ್ಲಿ ಸಿಗುತ್ತದೆ. ಉದಾಹರಣೆಗೆ 38 ಇಂಚು ಎತ್ತರದ, ಮೂರು ಕಂಬದ ಹಳೆಯ ಮಾದರಿಯ ಒಂದು ವಿಭಾಗಕ್ಕೆ 5 ಚದರ ಅಡಿ. ಅಂಥ 10 ವಿಭಾಗಗಳಿದ್ದರೆ 50 ಚದರ ಅಡಿ. ಹಬೆಯಿದ್ದಾಗ ಒಂದು ಚದರ ಅಡಿ ಗಂಟೆಗೆ 240 ಬಿಟಿಯು ಶಾಖ ಕೊಡುತ್ತದೆ ಎಂಬುದು ಲೆಕ್ಕದ ಆಧಾರ.

ಇಡೀ ಮನೆಯ ಮೊತ್ತ 300 ಚದರ ಅಡಿ ಎಂದುಕೊಳ್ಳೋಣ. 300ನ್ನು 240ರಿಂದ ಗುಣಿಸಿದರೆ ಗಂಟೆಗೆ 72,000 ಬಿಟಿಯು, ಅಂದರೆ ಸುಮಾರು 21 ಕಿಲೋವಾಟ್. ನಮ್ಮ ಬಚ್ಚಲುಮನೆಯ 3 ಕಿಲೋವಾಟ್ ಗೀಸರ್‌ಗಳನ್ನು ಏಳು ಒಟ್ಟಿಗೆ ಉರಿಸಿದಷ್ಟು. ಕೊಳವೆಗಳನ್ನು ಬಿಸಿ ಮಾಡಲು ಇದಕ್ಕೆ ಸಾಮಾನ್ಯವಾಗಿ ಮೂರನೇ ಒಂದು ಭಾಗ ಸೇರಿಸುತ್ತಾರೆ. ಆಗ ಸುಮಾರು 96,000 ಬಿಟಿಯು ಆಗುತ್ತದೆ. ಬಾಯ್ಲರ್ ಫಲಕದ ಮೇಲೆ ಚದರ ಅಡಿಯಲ್ಲಿ ಬರೆದ ಅಂಕಿಯಲ್ಲಿ ಈ ಹೆಚ್ಚುವರಿ ಪಾಲು ಆಗಲೇ ಸೇರಿರುತ್ತದೆ. ಆದ್ದರಿಂದ 300 ಚದರ ಅಡಿಗೆ ಹತ್ತಿರದ ಬಾಯ್ಲರನ್ನೇ ಆರಿಸಬೇಕು. ಮೇಲೆ ಮತ್ತೆ 'ಇರಲಿ' ಎಂದು ಸೇರಿಸಬಾರದು.

ಹಳೆಯದು ಏಕೆ ಅಷ್ಟು ದೊಡ್ಡದಾಗಿರುತ್ತದೆ? ಅದು ಮನೆಯ ಎರಡನೆಯದೋ ಮೂರನೆಯದೋ ಬಾಯ್ಲರ್ ಆಗಿರಬಹುದು. ಮೊದಲಿನದು ಕಲ್ಲಿದ್ದಲು ಉರಿಸುತ್ತಿದ್ದ ಕಾಲದ್ದು. ಪ್ರತಿ ಸಲವೂ ಯಾರೋ ಅಳೆಯದೆ ಅದೇ ಗಾತ್ರದ್ದನ್ನು ತಂದಿರುತ್ತಾರೆ. ಈ ನಡುವೆ ಅಡುಗೆಮನೆ ನವೀಕರಿಸುವಾಗ ಒಂದೆರಡು ರೇಡಿಯೇಟರ್ ತೆಗೆದಿರುತ್ತಾರೆ. ರೇಡಿಯೇಟರ್‌ಗಳೂ ಮನೆಗೆ ಬೇಕಾದುದಕ್ಕಿಂತ ದೊಡ್ಡವೇ ಇರುತ್ತವೆ. 1918ರ ಇನ್‌ಫ್ಲುಯೆಂಜಾ ಪಿಡುಗಿನ ಬಳಿಕ, ಚಳಿಯಲ್ಲೂ ಕಿಟಕಿ ತೆರೆದಿಟ್ಟು ಶುದ್ಧ ಗಾಳಿ ಬರುವಂತೆ ನೋಡಿಕೊಳ್ಳಬೇಕೆಂಬ ಆರೋಗ್ಯ ಸಲಹೆ ಬಲವಾಗಿತ್ತು. ಕಿಟಕಿ ತೆರೆದಿದ್ದರೂ ಕೋಣೆ ಬೆಚ್ಚಗಿರಲೆಂದು ದೊಡ್ಡ ರೇಡಿಯೇಟರ್ ಹಾಕುತ್ತಿದ್ದರು.

ತಪ್ಪು ನಂಬಿಕೆ 2: ಒತ್ತಡ ಹೆಚ್ಚಿಸಿದರೆ ಮನೆ ಬೇಗ ಬೆಚ್ಚಗಾಗುತ್ತದೆ

ನಮ್ಮ ಕುಕ್ಕರ್ ಕೂಗುವುದು ವಾತಾವರಣಕ್ಕಿಂತ ಸುಮಾರು 15 ಪಿಎಸ್‌ಐ ಹೆಚ್ಚಿನ ಒತ್ತಡದಲ್ಲಿ. ಮನೆ ಬಿಸಿ ಮಾಡುವ ಹಬೆಗೆ 2 ಪಿಎಸ್‌ಐಗಿಂತ ಕಡಿಮೆ ಸಾಕು. ಅಂದರೆ ಕುಕ್ಕರಿನ ಏಳನೇ ಒಂದು ಭಾಗಕ್ಕೂ ಕಡಿಮೆ. ಅರ್ಧ ಪಿಎಸ್‌ಐಗೆ ಇಳಿದಾಗ ಹೊತ್ತಿಕೊಂಡು, ಒಂದೂವರೆಗೆ ಏರಿದಾಗ ಆರುವಂತೆ ನಿಯಂತ್ರಕವನ್ನು ಇಡುವುದು ವಾಡಿಕೆ.

ಕೋಣೆಯೊಂದು ತಣ್ಣಗಿದೆ ಎಂದು ಒತ್ತಡ ಏರಿಸುವವರಿದ್ದಾರೆ. 2 ಪಿಎಸ್‌ಐಯಲ್ಲಿ ಹಬೆಯ ತಾಪ ಸುಮಾರು 103 ಡಿಗ್ರಿ, 10 ಪಿಎಸ್‌ಐಯಲ್ಲಿ ಸುಮಾರು 115 ಡಿಗ್ರಿ. ಅಷ್ಟು ಇಂಧನ ಸುಟ್ಟು ಸಿಗುವುದು ಇಷ್ಟೇ. ಬದಲಿಗೆ ಗಾಳಿ ಕವಾಟಗಳು ಹಾಳಾಗುತ್ತವೆ, ಮರಳುವ ನೀರು ಕೊಳವೆಯಲ್ಲೇ ಮೇಲೇರಿ ನಿಲ್ಲುತ್ತದೆ. ಕೋಣೆ ತಣ್ಣಗಿರುವುದಕ್ಕೆ ಸಾಮಾನ್ಯ ಕಾರಣ ಕೊಳವೆಯ ಗಾಳಿ ಹೊರಹೋಗದಿರುವುದು. ಗಾಳಿ ಇರುವ ಜಾಗಕ್ಕೆ ಹಬೆ ನುಗ್ಗಲಾರದು. ಕೆಟ್ಟ ಗಾಳಿ ಕವಾಟ ಬದಲಿಸಿದರೆ ತೊಂದರೆ ನೀಗಬಹುದು.

ತಪ್ಪು ನಂಬಿಕೆ 3: ಹಬೆ ಕೊಳವೆ ಎಂದರೆ ಬಡಿದ ಸದ್ದು ಬರುವುದು ಸಹಜ

ರಾತ್ರಿ ಯಾರೋ ಸುತ್ತಿಗೆಯಿಂದ ಹೊಡೆದಂತೆ ಕೊಳವೆ ಬಡಿದುಕೊಳ್ಳುವುದು ಸಹಜವಲ್ಲ. ಇಳಿಜಾರು ತಪ್ಪಿದ ಜಾಗದಲ್ಲಿ ನೀರು ನಿಂತು, ಅದನ್ನು ವೇಗದ ಹಬೆ ಎತ್ತಿಕೊಂಡು ಹೋಗಿ ತಿರುವಿಗೆ ಅಪ್ಪಳಿಸಿದಾಗ ಈ ಸದ್ದು ಬರುತ್ತದೆ. ಒಂದೇ ಕೊಳವೆಯ ವ್ಯವಸ್ಥೆಯಲ್ಲಿ ರೇಡಿಯೇಟರಿನ ಕವಾಟವನ್ನು ಅರ್ಧ ತೆರೆದಿಟ್ಟರೂ ಹೀಗಾಗುತ್ತದೆ. ಅದು ಪೂರ್ತಿ ತೆರೆದಿರಬೇಕು ಇಲ್ಲವೇ ಪೂರ್ತಿ ಮುಚ್ಚಿರಬೇಕು. ರೇಡಿಯೇಟರ್ ಕವಾಟದ ಕಡೆಗೆ ತುಸು ವಾಲಿರಬೇಕು. ಹೊಸ ಬಾಯ್ಲರ್ ಹಾಕಿದ ಮೇಲೆ ಈ ಸದ್ದು ಶುರುವಾದರೆ ಬಾಯ್ಲರಿನ ಸುತ್ತಲಿನ ಕೊಳವೆ ಜೋಡಣೆಯಲ್ಲಿ ತಪ್ಪಾಗಿರುವ ಸಂಭವ ಹೆಚ್ಚು.

ತಪ್ಪು ನಂಬಿಕೆ 4: ಹೊಸದಕ್ಕೆ 95% ದಕ್ಷತೆ ಸಿಗುತ್ತದೆ

ಬಿಸಿನೀರು ಸುತ್ತಿಸುವ ಆಧುನಿಕ ಬಾಯ್ಲರ್‌ಗಳು 90%ಗಿಂತ ಹೆಚ್ಚು ದಕ್ಷತೆ ಮುಟ್ಟುವುದು ಹೊಗೆಯಲ್ಲಿರುವ ನೀರಾವಿಯನ್ನೂ ನೀರಾಗಿಸಿ ಅದರ ಶಾಖ ಹೀರಿಕೊಳ್ಳುವುದರಿಂದ. ಇದಕ್ಕೆ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿರಬೇಕು. ಹಬೆ ಬಾಯ್ಲರಿನ ನೀರು 100 ಡಿಗ್ರಿಯಲ್ಲಿ ಕುದಿಯುತ್ತಿರುತ್ತದೆ. ಅಲ್ಲಿ ಇದು ಸಾಧ್ಯವಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರದ ನಿಯಮದಂತೆ 2021ರ ಜನವರಿ 15ರಿಂದ ಮನೆಬಳಕೆಯ ಅನಿಲ ಹಬೆ ಬಾಯ್ಲರ್‌ಗಳ ಕನಿಷ್ಠ ವಾರ್ಷಿಕ ದಕ್ಷತೆ 82%, ತೈಲದವಕ್ಕೆ 85%. ನಿಮ್ಮ ಹಳೆಯದು 75% ಇದ್ದು ಹೊಸದು 82% ಆದರೆ ಇಂಧನ ಉಳಿಯುವುದು ಸುಮಾರು 8-9%. ಅರ್ಧಕ್ಕರ್ಧ ಉಳಿತಾಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಹಬೆ ಬಿಟ್ಟು ಬಿಸಿನೀರಿಗೆ ಬದಲಾಗಬಾರದೇ? ಆಗಬಹುದು, ಆದರೆ ಒಂದೇ ಕೊಳವೆಯ ಮನೆಯಲ್ಲಿ ಕೊಳವೆಗಳನ್ನೆಲ್ಲ ಹೊಸದಾಗಿ ಹಾಕಬೇಕು. ಎರಡು ಕೊಳವೆಯ ಮನೆಯಲ್ಲೂ 2 ಪಿಎಸ್‌ಐಗೆ ಒಗ್ಗಿದ ಹಳೆಯ ಕೀಲುಗಳು 12 ಪಿಎಸ್‌ಐ ಮತ್ತು ಅದಕ್ಕಿಂತ ಹೆಚ್ಚಿನ ನೀರಿನ ಒತ್ತಡದಲ್ಲಿ ಸೋರಬಹುದು. ಹೀಟ್ ಪಂಪ್ ಹಾಕಿಸುವ ಯೋಚನೆಯಿದ್ದರೆ ಅದರ ಲೆಕ್ಕವನ್ನು ಬೇರೆಯಾಗಿ, ಬೇಸಿಗೆಯಲ್ಲಿ ಸಾವಕಾಶವಾಗಿ ಮಾಡಿ.

ಕೊಳವೆ ಜೋಡಣೆ ಮತ್ತು ಹಾರ್ಟ್‌ಫರ್ಡ್ ಬಳಸು

ಹಳೆಯ ಬಾಯ್ಲರ್‌ಗಳು ಗಾತ್ರದಲ್ಲಿ ದೊಡ್ಡವು. ಹಬೆಯೂ ನೀರೂ ಬೇರೆಯಾಗಲು ಅವುಗಳೊಳಗೇ ಜಾಗವಿತ್ತು. ಇಂದಿನವು ಚಿಕ್ಕವು. ನೀರಿನ ಹನಿಗಳನ್ನು ಹಬೆಯಿಂದ ಬೇರ್ಪಡಿಸುವ ಕೆಲಸವನ್ನು ಹೊರಗಿನ ಕೊಳವೆಗಳೇ ಮಾಡಬೇಕು. ಆದ್ದರಿಂದ ತಯಾರಕರ ಕೈಪಿಡಿಯ ಚಿತ್ರದಲ್ಲಿದ್ದಂತೆಯೇ ಜೋಡಣೆ ಇರಬೇಕು. ಬಾಯ್ಲರಿನ ಮೇಲಿನ ಅಡ್ಡ ಕೊಳವೆ ನೀರಿನ ಮಟ್ಟಕ್ಕಿಂತ ಕನಿಷ್ಠ 24 ಇಂಚು ಎತ್ತರದಲ್ಲಿರಬೇಕು ಎಂದು ಸಾಮಾನ್ಯವಾಗಿ ಕೈಪಿಡಿಗಳು ಹೇಳುತ್ತವೆ. ಅಲ್ಲಿ ಬಳಸಬೇಕಾದ್ದು ಚೂಡಿ ಹಾಕಿದ ಉಕ್ಕಿನ ಕೊಳವೆ. ತಾಮ್ರ ಬಿಸಿಗೆ ಹೆಚ್ಚು ಹಿಗ್ಗುತ್ತದೆ, ಬೆಸುಗೆಯ ಕೀಲುಗಳು ಕಾಲಕ್ರಮೇಣ ಬಿಟ್ಟುಕೊಳ್ಳಬಹುದು.

ಅಡ್ಡ ಕೊಳವೆಯ ತುದಿಯಿಂದ ಇನ್ನೊಂದು ಕೊಳವೆ ಕೆಳಗಿಳಿದು ಬಾಯ್ಲರಿನ ತಳ ಸೇರುತ್ತದೆ. ಮನೆಯಿಂದ ಮರಳುವ ನೀರು ಈ ಕೊಳವೆಗೆ ಸೇರಿಕೊಳ್ಳುವುದು ತಳದಲ್ಲಲ್ಲ, ನೀರಿನ ಮಟ್ಟಕ್ಕಿಂತ ಕೆಲವೇ ಇಂಚು ಕೆಳಗೆ. ಇದಕ್ಕೆ ಹಾರ್ಟ್‌ಫರ್ಡ್ ಬಳಸು ಎಂದು ಹೆಸರು. ಮರಳುಕೊಳವೆ ಒಡೆದರೂ ಬಾಯ್ಲರಿನ ನೀರೆಲ್ಲ ಆ ದಾರಿಯಲ್ಲಿ ಹರಿದುಹೋಗದಂತೆ ಇದು ತಡೆಯುತ್ತದೆ.

ಈ ಹೆಸರಿನ ಹಿಂದೆ ದುರಂತಗಳ ಇತಿಹಾಸವಿದೆ. 1865ರ ಏಪ್ರಿಲ್ 27ರಂದು ಮಿಸಿಸಿಪಿ ನದಿಯಲ್ಲಿ ಸುಲ್ತಾನಾ ಎಂಬ ಹಬೆ ಹಡಗಿನ ಬಾಯ್ಲರ್‌ಗಳು ಸಿಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ನಗರದಲ್ಲಿ ಬಾಯ್ಲರ್ ತಪಾಸಣೆ ಮತ್ತು ವಿಮೆಯ ಕಂಪನಿಯೊಂದು ಹುಟ್ಟಿತು. 1919ರಲ್ಲಿ ಈ ಬಳಸು ಜೋಡಣೆಯನ್ನು ಬಳಕೆಗೆ ತಂದದ್ದು ಅದೇ. 1905ರಲ್ಲಿ ಮ್ಯಾಸಚೂಸೆಟ್ಸ್‌ನ ಬ್ರಾಕ್ಟನ್‌ನ ಚಪ್ಪಲಿ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಸಿಡಿದು 58 ಜನ ಸತ್ತ ಮೇಲೆ ಆ ರಾಜ್ಯದಲ್ಲಿ ಬಾಯ್ಲರ್ ಕಾನೂನು ಬಂತು. ನಮ್ಮಲ್ಲೂ ಹೀಗೆಯೇ ಆಯಿತು. 1863ರಲ್ಲಿ ಕಲ್ಕತ್ತದಲ್ಲಿ ನಡೆದ ಸ್ಫೋಟದ ನಂತರ ಬಂಗಾಳದಲ್ಲಿ ತಪಾಸಣೆ ಶುರುವಾಗಿ, 1923ರಲ್ಲಿ ದೇಶಕ್ಕೆಲ್ಲ ಬಾಯ್ಲರ್ ಕಾಯ್ದೆ ಬಂತು. 2025ರಲ್ಲಿ ಹೊಸ ಕಾಯ್ದೆ ಅದರ ಜಾಗ ತೆಗೆದುಕೊಂಡಿದೆ.

ಈ ಬಳಸೊಂದೇ ಸಾಲದು. ನೀರು ಹಬೆಯಾಗಿ ಹೋಗಿ ಮರಳದಿದ್ದರೂ ಬಾಯ್ಲರ್ ಬರಿದಾಗಬಹುದು. ನೀರು ಕಡಿಮೆಯಾದ ಕೂಡಲೇ ಉರಿ ಆರಿಸುವ ಸಾಧನ, 15 ಪಿಎಸ್‌ಐಗೆ ತೆರೆದುಕೊಳ್ಳುವ ಸುರಕ್ಷತಾ ಕವಾಟ ಎರಡೂ ಕೆಲಸ ಮಾಡುತ್ತಿರಬೇಕು.

ಎಚ್ಚರಿಕೆ: ಗಾಜಿನ ಕೊಳವೆಯಲ್ಲಿ ನೀರು ಕಾಣುತ್ತಿಲ್ಲ, ಬಾಯ್ಲರ್ ಬಿಸಿಯಾಗಿದೆ ಎಂದಾದರೆ ನೀರು ಬಿಡಲೇಬೇಡಿ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಅದು ಸೀಳಬಹುದು, ನೀರು ಒಮ್ಮೆಲೇ ಹಬೆಯಾಗಿ ಸ್ಫೋಟವೂ ಆಗಬಹುದು. ಆರಿಸಿ, ದೂರ ಸರಿದು, ತಾನಾಗಿ ತಣ್ಣಗಾಗಲು ಬಿಟ್ಟು, ತಂತ್ರಜ್ಞರನ್ನು ಕರೆಯಿರಿ.

ಆರೋಗ್ಯಕ್ಕೆ ಸಂಬಂಧಿಸಿದ ಎರಡು ಸಂಗತಿಗಳು

ಒಂದು, ಆಸ್ಬೆಸ್ಟಾಸ್. ಹಳೆಯ ಬಾಯ್ಲರ್ ಮತ್ತು ಕೊಳವೆಗಳ ಮೇಲಿನ ಬಿಳಿ ಹೊದಿಕೆಯಲ್ಲಿ ಇದು ಇರುವ ಸಾಧ್ಯತೆ ಹೆಚ್ಚು. ಅಲುಗಿಸದಿದ್ದರೆ, ಒಡೆದಿಲ್ಲದಿದ್ದರೆ ಅಪಾಯ ಕಡಿಮೆ. ಕಿತ್ತಾಗ ಏಳುವ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶ ಸೇರಿದರೆ ದಶಕಗಳ ನಂತರ ಕ್ಯಾನ್ಸರ್ ತರಬಹುದು. ಹಳೆಯ ಬಾಯ್ಲರ್ ಒಡೆಯುವ ಮೊದಲು ಪರೀಕ್ಷೆ ಮಾಡಿಸಿ, ಪರವಾನಗಿ ಇರುವವರಿಂದ ತೆಗೆಸಿ. ನೀವೇ ಕೆರೆಯುವುದು, ಗುಡಿಸುವುದು ಬೇಡ. ತೆಗೆಸಿದ ಮೇಲೆ ಕೊಳವೆಗಳಿಗೆ ಫೈಬರ್‌ಗ್ಲಾಸ್ ಹೊದಿಕೆ ಹಾಕಿಸಲು ಮರೆಯಬೇಡಿ; ಬೆತ್ತಲೆ ಕೊಳವೆಯಲ್ಲಿ ಹಬೆ ನೆಲಮಾಳಿಗೆಯಲ್ಲೇ ನೀರಾಗಿಬಿಡುತ್ತದೆ.

ಎರಡು, ಕಾರ್ಬನ್ ಮಾನಾಕ್ಸೈಡ್. ಹೊಸ ಬಾಯ್ಲರಿನ ಹೊಗೆ ಹಳೆಯದರಷ್ಟು ಬಿಸಿಯಿರುವುದಿಲ್ಲ. ದೊಡ್ಡ ಇಟ್ಟಿಗೆ ಚಿಮ್ನಿಯಲ್ಲಿ ಅದು ತಣ್ಣಗಾಗಿ ಆಮ್ಲೀಯ ನೀರಾಗಿ ಗಾರೆಯನ್ನು ತಿನ್ನುತ್ತದೆ. ಉದುರಿದ ಗಾರೆ, ಇಟ್ಟಿಗೆ ದಾರಿ ಮುಚ್ಚಿದರೆ ವಿಷಾನಿಲ ಮನೆಯೊಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದಾಗ ವಾಸಿಯೆನಿಸಿದರೆ ಫ್ಲೂ ಎಂದು ಸುಮ್ಮನಿರಬೇಡಿ. ತಕ್ಷಣ ಎಲ್ಲರೂ ಹೊರಬಂದು ತುರ್ತು ಸೇವೆಗೆ ಕರೆ ಮಾಡಿ. ಬಾಯ್ಲರ್ ಬದಲಿಸುವಾಗ ಚಿಮ್ನಿ ಪರೀಕ್ಷಿಸಿ, ಅಗತ್ಯವಿದ್ದರೆ ಒಳಗೆ ಲೋಹದ ಕೊಳವೆ ಹಾಕಿಸಿ. ಮಲಗುವ ಕೋಣೆಗಳ ಬಳಿ ಎಚ್ಚರಿಕೆ ಗಂಟೆ ಇರಲಿ. ಬಾಯ್ಲರ್ ಇಲ್ಲದ ದಿನಗಳಲ್ಲಿ ಅಡುಗೆ ಒಲೆ ಹಚ್ಚಿ ಚಳಿ ಕಾಯಿಸಬೇಡಿ.

ಕೂರಿಸಿದ ಮೇಲೆ ಕೆಲಸ ಮುಗಿಯಲಿಲ್ಲ

ಚೂಡಿ ಕೊರೆಯುವಾಗ ಹಾಕಿದ ಎಣ್ಣೆ ಹೊಸ ಬಾಯ್ಲರಿನ ನೀರಿನ ಮೇಲೆ ತೇಲುತ್ತಿರುತ್ತದೆ. ಅದರಿಂದ ನೀರು ಹಾಲಿನಂತೆ ಉಕ್ಕಿ, ಹಬೆಯ ಜೊತೆ ಕೊಳವೆಗೆ ನುಗ್ಗುತ್ತದೆ. ಮೇಲ್ಭಾಗದ ತೂಬಿನಿಂದ ನೀರನ್ನು ನಿಧಾನವಾಗಿ, ಗಂಟೆಗಟ್ಟಲೆ ಹೊರಹರಿಸಿ ಎಣ್ಣೆಯನ್ನು ತೆಗೆಯಬೇಕು. ಒಂದೇ ಸಲಕ್ಕೆ ಹೋಗದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ಮಾಡಬೇಕು. ಬೇಸರದ ಕೆಲಸವಾದ್ದರಿಂದ ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಒಪ್ಪಿಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಕನಿಷ್ಠ ಮೂವರಿಂದ ಲಿಖಿತ ಅಂದಾಜು ಪಡೆಯಿರಿ. ಪ್ರತಿಯೊಬ್ಬರನ್ನೂ ಹೀಗೆ ಕೇಳಿ:

1. ನನ್ನ ಮನೆಯ ರೇಡಿಯೇಟರ್‌ಗಳನ್ನು ಅಳೆದಿದ್ದೀರಾ? ಒಟ್ಟು ಎಷ್ಟು ಚದರ ಅಡಿ ಬಂತು?
2. ಹಳೆಯ ಬಾಯ್ಲರ್ ಏಕೆ ಕೆಟ್ಟಿತು? ನೆಲದಡಿಯ ಮರಳುಕೊಳವೆ ಸೋರುತ್ತಿಲ್ಲವೆಂದು ನೋಡಿದ್ದೀರಾ?
3. ಕೊಳವೆಗಳನ್ನು ಕೈಪಿಡಿಯ ಚಿತ್ರದಂತೆ, ಉಕ್ಕಿನಲ್ಲೇ ಜೋಡಿಸುತ್ತೀರಾ?
4. ಎಣ್ಣೆ ತೆಗೆಯುವುದು, ಗಾಳಿ ಕವಾಟ ಪರೀಕ್ಷಿಸುವುದು ಈ ಮೊತ್ತದಲ್ಲಿ ಸೇರಿದೆಯೇ?
5. ಚಿಮ್ನಿ, ಆಸ್ಬೆಸ್ಟಾಸ್, ಸ್ಥಳೀಯ ಆಡಳಿತದ ಪರವಾನಗಿ ಮತ್ತು ತಪಾಸಣೆ ಯಾರ ಹೊಣೆ?

ಮೊದಲ ಪ್ರಶ್ನೆಗೆ "ಅಳೆಯುವುದು ಬೇಡ, ಹಳೆಯದರ ಅಳತೆ ಇದೆಯಲ್ಲ" ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ. ಅದಕ್ಕೂ ಮುನ್ನ ನೀವೇ ಟೇಪು, ಕಾಗದ ಹಿಡಿದು ಕೋಣೆ ಕೋಣೆ ಸುತ್ತಿ ಎಣಿಸಿಟ್ಟುಕೊಳ್ಳಬಹುದು. ಅರ್ಧ ದಿನದ ಕೆಲಸ. ಬಾಡಿಗೆ ಮನೆಯಾದರೆ ಈ ಹೊಣೆ ಮಾಲೀಕರದು. ಉದಾಹರಣೆಗೆ ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲಿನಲ್ಲಿ ಹೊರಗಿನ ತಾಪ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿದರೆ ಒಳಗೆ ಕನಿಷ್ಠ 68 ಡಿಗ್ರಿ, ರಾತ್ರಿ 62 ಡಿಗ್ರಿ ಇರಲೇಬೇಕೆಂಬ ನಿಯಮವಿದೆ.

ಹಬೆಯಿಂದ ಮನೆ ಬೆಚ್ಚಗಾಗಿಸುವ ವ್ಯವಸ್ಥೆ ಹಳೆಯದು, ಆದರೆ ಹಾಳಾದದ್ದಲ್ಲ. ಸರಿಯಾದ ಅಳತೆಯ ಬಾಯ್ಲರ್, ಸರಿಯಾದ ಕೊಳವೆ, ಗಾಳಿಗೆ ದಾರಿ ಇವಿಷ್ಟಿದ್ದರೆ ಅದು ಸದ್ದಿಲ್ಲದೆ ದಶಕಗಳ ಕಾಲ ಕೆಲಸ ಮಾಡುತ್ತದೆ. ನಿಮ್ಮ ಬಾಯ್ಲರ್ ಈ ವರ್ಷ ಪದೇ ಪದೇ ನೀರು ಕೇಳುತ್ತಿದ್ದರೆ ಮುಂದಿನ ಜನವರಿಯವರೆಗೆ ಕಾಯಬೇಡಿ. ಬೇಸಿಗೆಯಲ್ಲೇ ಅಳತೆ ತೆಗೆದುಕೊಳ್ಳಿ.